ಹನ್ನೆರಡು ಬಾಲಗಳ ಚೀಟಿ

ಗಂಡುಮಕ್ಕಳ ಶೌಚಾಲಯದ ಮೂರನೇ ಬಾಗಿಲ ಒಳಮೈಗೆ
ಚೀಟಿ ಅಂಟಿಸುವುದು ನನ್ನ ಕೆಲಸ.
ನೆಲ ಒರೆಸುವುದು, ಬಲ್ಬು ಬದಲಿಸುವುದು,
ಬಾಯ್ಲರಿನ ಕೆಮ್ಮಿಗೆ ಮದ್ದು ಮಾಡುವುದು,
ಜೊತೆಗೆ ಇದೊಂದು.
ಚೀಟಿಯ ಅಂಚಿಗೆ ಕತ್ತರಿಸಿದ ಹನ್ನೆರಡು ಬಾಲ,
ಒಂದೊಂದರ ಮೇಲೂ ಅದೇ ಫೋನ್ ನಂಬರು.

ಲೆರ್ವಿಕ್‌ನಲ್ಲಿ ಮರಗಳು ಕಡಿಮೆ,
ಗಾಳಿ ಬೆಳೆಯಗೊಡುವುದಿಲ್ಲ.
ಮರೆಗೆ ನಿಲ್ಲಲು ಏನೂ ಇಲ್ಲದ ಊರು.
ಪೊಲೀಸಿನವಳು ಒಬ್ಬನ ಚಿಕ್ಕಮ್ಮ,
ನರ್ಸು ಇನ್ನೊಬ್ಬನ ಅತ್ತಿಗೆ,
ದೋಣಿಕಟ್ಟೆಯಲ್ಲಿ ಸೀನಿದರೆ
ಗುಡ್ಡದಾಚೆ ಯಾರೋ ಮೂಗೊರೆಸಿಕೊಳ್ಳುತ್ತಾರೆ.
ಇಂಥಲ್ಲಿ ಯಾರ ಬಾಗಿಲು ತಟ್ಟಿ ಹೇಳುವುದು:
ಫೋನಿನಲ್ಲಿ ಒಬ್ಬಳು ಪರಿಚಯವಾದಳು,
ಅವಳು ಹುಡುಗಿಯೇ ಆಗಿರಲಿಲ್ಲ,
ಕೇಳಿದಳೆಂದು ಒಂದು ಚಿತ್ರ ಕಳಿಸಿದೆ,
ಈಗ ನಾನೂರು ಪೌಂಡು ಬೇಕಂತೆ,
ಇಲ್ಲದಿದ್ದರೆ ಅದು ಅಜ್ಜಿಯ ಫೋನಿಗೂ ಹೋಗುವುದಂತೆ.

ಮೊದಮೊದಲು ಬಾಲಗಳನ್ನು ಎಣಿಸುತ್ತಿರಲಿಲ್ಲ.
ಆಮೇಲೆ ಚಟವಾಯಿತು.
ಸೆಪ್ಟೆಂಬರಿನಲ್ಲಿ ಒಂದು; ಯಾರೋ ತಮಾಷೆಗೆ ಹರಿದು
ಚೂರುಚೂರು ಮಾಡಿ ನೆಲಕ್ಕೆಸೆದದ್ದು, ಲೆಕ್ಕಕ್ಕೆ ಹಿಡಿಯಲಿಲ್ಲ.
ಅಕ್ಟೋಬರಿನಲ್ಲಿ ಎರಡು,
ಉಗುರಿನಿಂದ ಗೆರೆ ಮಡಿಸಿ, ಜೋಪಾನವಾಗಿ.
ನವೆಂಬರಿನಲ್ಲಿ ಒಂದು, ಅರ್ಧ ಮಾತ್ರ.
ಕಾಡಿದ್ದು ಅದೇ.
ಬಂದಿದ್ದಾರೆ, ಕೈಯಿಟ್ಟಿದ್ದಾರೆ,
ಹೊರಗೆ ಯಾರದೋ ಬೂಟಿನ ಸದ್ದಾಗಿದೆ.
ಉದುರಲೊಲ್ಲದ ಹಾಲುಹಲ್ಲಿನ ಹಾಗೆ
ನೇತಾಡುತ್ತಿತ್ತು ನಂಬರು.

ಅವತ್ತು ಆ ಬಾಗಿಲಿನ ಚಿಲಕಕ್ಕೆ ಎಣ್ಣೆ ಬಿಟ್ಟೆ.
ಬೇರೇನು ಗೊತ್ತಿತ್ತು ನನಗೆ?

ಡಿಸೆಂಬರ್. ಮಧ್ಯಾಹ್ನ ಮೂರಕ್ಕೇ ಕತ್ತಲು.
ಬಾಯ್ಲರ್ ಕೋಣೆಯ ಹೊಸ್ತಿಲಲ್ಲಿ ಲೌರಿ,
ಹದಿನೈದು ವರ್ಷ, ಅಪ್ಪನ ಹಳೇ ಜಾಕೆಟ್ಟು.
'ಗಿಬ್ಬಿ, ಇಲ್ಲಿ ಸಿಗ್ನಲ್ ಬರುತ್ತಾ?'
ಮುಷ್ಟಿಯ ಸಂದಿಯಿಂದ ಬಿಳಿಯ ತುದಿ ಇಣುಕುತ್ತಿತ್ತು.
'ಕಿಟಕಿಯ ಹತ್ತಿರ ಎರಡು ಕಡ್ಡಿ,' ಅಂದೆ,
ಕುರ್ಚಿಯ ಮೇಲಿನ ಸ್ಪ್ಯಾನರು ತೆಗೆದು
ಹೊರಗೆ ಬಂದು ಬಾಗಿಲೆಳೆದುಕೊಂಡೆ.

ನಲವತ್ತು ನಿಮಿಷ
ಅವೇ ನಾಲ್ಕು ಟೈಲ್ಸು ಒರೆಸಿದೆ.
ಲೆಕ್ಕದ ಮೇಷ್ಟ್ರು ಈ ಕಡೆ ಬಂದರು,
ನೆಲ ಹಸಿ, ಆ ಕಡೆಯಿಂದ ಹೋಗಿ ಅಂದೆ.
ಒಳಗೆ ಮಾತು. ಮೌನ. ಮೂಗೆಳೆಯುವ ಸದ್ದು.
ಆಮೇಲೆ ಹುಡುಗ ತನ್ನ ಹೆಸರನ್ನು
ಒಂದೊಂದೇ ಅಕ್ಷರ ಬಿಡಿಸಿ ಹೇಳತೊಡಗಿದ.
ಈ ಊರಲ್ಲಿ ಯಾರೂ ಅವನಿಗೆ ಹಾಗೆ ಕೇಳಿದ್ದಿಲ್ಲ;
ಹುಟ್ಟುವ ಮೊದಲೇ ಎಲ್ಲರಿಗೂ ಗೊತ್ತಿದ್ದ ಹೆಸರು ಅದು.
ಗುರುತಿಲ್ಲದ ಒಂದು ದನಿ ಅವನನ್ನು ಕೆಡವಿತ್ತು,
ಗುರುತಿಲ್ಲದ ಇನ್ನೊಂದು ದನಿ
ಕಡಲಾಚೆ ಎಲ್ಲೋ ಪೆನ್ನು ಹಿಡಿದು ಕೂತು
ಅವಸರವಿಲ್ಲದೆ ಬರೆದುಕೊಳ್ಳುತ್ತಿತ್ತು.

ಹೊರಬಂದ. 'ಕೇಳಿಸಿತಾ?'
'ಬಾಯ್ಲರ್ ಸದ್ದಿಗೆ ನನ್ನ ಕಿವಿ ಹೋಗಿ ಹತ್ತು ವರ್ಷ.'
ಸುಳ್ಳು ಅಂತ ಇಬ್ಬರಿಗೂ ಗೊತ್ತು.
'ದುಡ್ಡು ಕೊಡಬೇಡ ಅಂದಳು.
ಏನನ್ನೂ ಅಳಿಸಬೇಡ, ತಪ್ಪು ನಿನ್ನದಲ್ಲ ಅಂದಳು.
ಹತ್ತಿರದವರು ಒಬ್ಬರಿಗೆ ಹೇಳು ಅಂದಳು.'
ಬೂಟಿನ ತುದಿ ನೋಡುತ್ತ ನಿಂತ.
ನಾನು ಮೊಳೆಯಿಂದ ಎರಡನೇ ಕಪ್ಪು ಇಳಿಸಿದೆ.
ಅದನ್ನು ತೊಳೆದು ಎಷ್ಟು ದಿನವಾಗಿತ್ತೋ.

ಮುಂದಿನದು ಅವನದು, ಅವನ ಅಮ್ಮನದು,
ಮನೆಗೆ ಬಂದು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು
ಎರಡು ತಾಸು ಕೂತಳಂತೆ ಆ ಪೊಲೀಸಿನವಳು, ಅವಳದು.
ಆ ಕಡೆಯವನು ಸಿಕ್ಕನೋ ಇಲ್ಲವೋ, ತಿಳಿಯದು.
ಲೌರಿ ಕಾರಿಡಾರಿನಲ್ಲಿ ಎದುರಾದರೆ ಹುಬ್ಬು ಹಾರಿಸುತ್ತಾನೆ.
ಕೆಲವು ದಿನ ಅದೂ ಇಲ್ಲ.

ಸೋಮವಾರ ಹೊಸ ಚೀಟಿ ಅಂಟಿಸಿದೆ.
ಹನ್ನೆರಡರಲ್ಲಿ ಒಂದು ಬಾಲವನ್ನು
ನಾನೇ ಹರಿದು ಜೇಬಿಗಿಟ್ಟುಕೊಂಡೆ.
ಮೊದಲನೆಯವನಾಗಲು
ಯಾವ ಹುಡುಗನಿಗೂ ಇಷ್ಟವಿರುವುದಿಲ್ಲ.